ವಿಮಾನದ ಸುದ್ದಿ

ಗಾಳಿಪಟವನ್ನು ಹಾರಿಸಿದವರಿಗೆಲ್ಲ ಒಂದು ಸಂಗತಿ ತಿಳಿದಿರುತ್ತದೆ. ಪಟವು ಮೇಲೇರಿ ಚುಕ್ಕಿಯಷ್ಟಾದ ಮೇಲೆ ಅದನ್ನು ಆಡಿಸುವುದು ಕಣ್ಣಲ್ಲ, ಬೆರಳು. ಮೇಲೆ ಗಾಳಿ ಬಲವಾಯಿತೋ, ದಾರ ಬಿಗಿಯುತ್ತದೆ. ಗಾಳಿ ಬಿದ್ದಿತೋ, ದಾರ ಜೋಲುತ್ತದೆ. ಬಾಲಂಗೋಚಿ ಹರಿಯಿತೋ, ತೋರುಬೆರಳಿನ ತುದಿಯಲ್ಲಿ ಒಂದು ಬಗೆಯ ನಡುಕ ಕಾಣಿಸಿಕೊಳ್ಳುತ್ತದೆ. ಹುಡುಗನು ಪಟಕ್ಕೆ ಹೇಳುವುದೂ ಅದೇ ದಾರದಲ್ಲಿ, ಪಟವು ಹುಡುಗನಿಗೆ ಹೇಳುವುದೂ ಅದೇ ದಾರದಲ್ಲಿ. ರಾಯಕೋಟೆಯ ಬೆಟ್ಟದ ಬುಡದಲ್ಲಿ ಆಷಾಢದ ಗಾಳಿಗೆ ಪಟ ಬಿಟ್ಟು ಬೆಳೆದವರು ನಾವು. ಆದರೂ ದಾರವಿಲ್ಲದ ವಿಮಾನವೊಂದನ್ನು ಹಾರಿಸಲು ಹೊರಟಾಗ ಈ ಸಂಗತಿ ನಮಗೆ ನೆನಪಾಗಲಿಲ್ಲ. ನೆನಪಾದದ್ದು, ವಿಮಾನವು ಟೊಮೇಟೋ ತೋಟದಲ್ಲಿ ಬಿದ್ದ ಮೇಲೆ.

ನಾವು ಎಂದರೆ ಇಬ್ಬರು ಉಪಾಧ್ಯಾಯರು ಮತ್ತು ಕನ್ನಡ ಮಾಧ್ಯಮದಲ್ಲಿ ಓದುವ ಏಳು ಮಂದಿ ಮಕ್ಕಳು. ಶಾಲೆಯ ಹೆಸರು ಇಲ್ಲಿ ಮುಖ್ಯವಲ್ಲ. ಹೊಸೂರು, ಡೆಂಕಣಿಕೋಟೆ, ರಾಯಕೋಟೆಗಳ ಈ ಗಡಿಸೀಮೆಯಲ್ಲಿ ಕನ್ನಡದ ತರಗತಿಗಳು ಹೇಗಿರುತ್ತವೆ ಎಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಇನ್ನೊಂದು, ಸಂತೆಯಲ್ಲಿ ಕನ್ನಡ ತಮಿಳು ತೆಲುಗು ಮೂರನ್ನೂ ಕಲಸಿದ ಮತ್ತೊಂದು. ಮಕ್ಕಳಿಗೆ ಇದರಿಂದ ಯಾವ ತೊಡಕೂ ಇಲ್ಲ. ತೊಡಕೆಲ್ಲ ನಮ್ಮಂಥ ಉಪಾಧ್ಯಾಯರದು. ಹೊಸೂರಿನ ಬಳಿಯ ಬೆಳಗೊಂಡಪಲ್ಲಿಯಲ್ಲಿ ವಿಮಾನ ಕಟ್ಟುವ ಕಾರ್ಖಾನೆಯೂ ಅದರದೇ ಆದ ಓಡುದಾರಿಯೂ ಇವೆ. ಆದುದರಿಂದ ವಿಮಾನವೆಂಬುದು ಈ ಕಡೆಯ ಮಕ್ಕಳಿಗೆ ಕೇವಲ ಪುಸ್ತಕದ ಚಿತ್ರವಲ್ಲ. ವಿಜ್ಞಾನದ ಪಾಠದಲ್ಲಿ ರೆಕ್ಕೆಯ ಮೇಲ್ಮೈ ಕೆಳಮೈಗಳ ಮಾತು ಬಂದಾಗ ಒಬ್ಬ ಹುಡುಗನು, "ನಾವೇ ಒಂದು ಕಟ್ಟಿದರೆ ಆಗೋದಿಲ್ವಾ ಸಾರ್?" ಎಂದು ಕೇಳಿದನು. ಆಗುವುದಿಲ್ಲ ಎನ್ನಲು ನಮಗೆ ಕಾರಣ ಹೊಳೆಯಲಿಲ್ಲ.

ಕಟ್ಟಿದ ಕಥೆಯನ್ನು ಬೇಗ ಹೇಳಿಬಿಡುತ್ತೇವೆ. ಫೋಮಿನ ಹಲಗೆಯನ್ನು ಕೊಯ್ದು, ಬಿಸಿ ಅಂಟಿನಿಂದ ಕೂಡಿಸಿ, ಒಂದು ಮೀಟರಿಗೆ ಸ್ವಲ್ಪ ಮೇಲ್ಪಟ್ಟ ರೆಕ್ಕೆಯ ವಿಮಾನವನ್ನು ಮಾಡಿದೆವು. ಮೋಟಾರು, ಬ್ಯಾಟರಿಗಳನ್ನು ಬೆಂಗಳೂರಿನಿಂದ ತಂದೆವು. ಹಾರಿಸುವ ಪೆಟ್ಟಿಗೆಯು ಒಬ್ಬ ಹವ್ಯಾಸಿಯಿಂದ ಅರ್ಧ ಬೆಲೆಗೆ ಸಿಕ್ಕಿತು. ಕೈಯಲ್ಲಿ ಹಿಡಿಯುವ ಈ ಪೆಟ್ಟಿಗೆಯನ್ನು ಪ್ರೇಷಕವೆಂದೂ ವಿಮಾನದ ಹೊಟ್ಟೆಯಲ್ಲಿರುವ ಬೆರಳುದ್ದದ ಫಲಕವನ್ನು ಗ್ರಾಹಕವೆಂದೂ ಇಲ್ಲಿ ಕರೆಯುತ್ತೇವೆ. ಮಕ್ಕಳು ಮಾತ್ರ ಮೊದಲನೆಯದನ್ನು ಇಂದಿನವರೆಗೂ 'ರಿಮೋಟು' ಎಂದಲ್ಲದೆ ಬೇರೆ ಹೆಸರಿನಿಂದ ಕರೆದಿಲ್ಲ. 2021ರ ಡ್ರೋನ್ ನಿಯಮಗಳು ಇಂಥ ಮಾದರಿಗಳಿಗೂ ಅನ್ವಯಿಸುತ್ತವೆ. ಸರಕಾರದ ನಕ್ಷೆಯಲ್ಲಿ ಹಸಿರು ಬಣ್ಣವಿರುವ ಕಡೆ 400 ಅಡಿ, ಎಂದರೆ 120 ಮೀಟರ್ ಎತ್ತರದವರೆಗೆ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಹಾರಿಸಬಹುದು. ಈ 120 ಎಂಬ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ನಮ್ಮ ವ್ಯಾಕರಣದೊಳಕ್ಕೆ ಬರುತ್ತದೆ.

ನಮ್ಮ ಪ್ರೇಷಕವು ಬರಿಯ ಆಜ್ಞೆ ಕೊಡುವ ಯಂತ್ರವಲ್ಲ. ವಿಮಾನದಿಂದ ಸುದ್ದಿಯನ್ನು ತರಿಸಿಕೊಂಡು ಪರದೆಯ ಮೇಲೆ ತೋರಿಸುತ್ತದೆ. ಬೇಕಾದರೆ ಬಾಯಿಬಿಟ್ಟು ಹೇಳುತ್ತದೆ. ಇದಕ್ಕೆ ಟೆಲಿಮೆಟ್ರಿ ಎಂದು ಹೆಸರು; ಕನ್ನಡದಲ್ಲಿ ದೂರಮಾಪನ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ತಂತಿಯಿಲ್ಲದೆ ಒಂದು ದೋಣಿಯನ್ನು ನಡೆಸಿ ತೋರಿಸಿದನು. 1937ರಲ್ಲಿ ಅಮೆರಿಕದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಸೋದರರು 'ಗಫ್' ಎಂಬ ಮಾದರಿ ವಿಮಾನವನ್ನು ರೇಡಿಯೋದಿಂದ ಹಾರಿಸಿದರು. ಅಲ್ಲೆಲ್ಲ ಮಾತು ಒಂದೇ ಕಡೆಯದು: ಮನುಷ್ಯ ಹೇಳಿದ, ಯಂತ್ರ ಕೇಳಿತು. ಯಂತ್ರವು ಮೇಲಿನಿಂದ ಮಾತನಾಡಿದ್ದು ಬೇರೆ ದಾರಿಯಲ್ಲಿ. 1929ರಲ್ಲಿ ಫ್ರಾನ್ಸಿನ ರಾಬರ್ಟ್ ಬ್ಯೂರೋ ಬಲೂನಿಗೆ ಪುಟ್ಟ ರೇಡಿಯೋ ಕಟ್ಟಿ ಮೇಲಿನ ಹವೆಯ ಸುದ್ದಿಯನ್ನು ನೆಲದಲ್ಲಿ ಕುಳಿತು ಕೇಳಿದನು. 1957ರ ಸ್ಪುಟ್ನಿಕ್ಕಿನ 'ಬೀಪ್ ಬೀಪ್' ಕೂಡ ಬರಿಯ ಕೂಗಲ್ಲ. ಒಳಗಿನ ಒತ್ತಡವೋ ಶಾಖವೋ ಮಿತಿ ಮೀರಿದರೆ ಆ ಸದ್ದಿನ ಅಳತೆ ಬದಲಾಗುವಂತೆ ಮಾಡಿದ್ದರು. ಮಕ್ಕಳಿಗೆ ಇವೆಲ್ಲಕ್ಕಿಂತ ಹತ್ತಿರವಾದ ಉದಾಹರಣೆ ಬೇರೆ ಇತ್ತು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ಅವರು ಟಿವಿಯಲ್ಲಿ ನೋಡಿದ್ದರು. ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದಲ್ಲಿ ಕುಳಿತವರು ಚಂದ್ರನ ಕಡೆ ನೋಡುತ್ತಿರಲಿಲ್ಲ, ಪರದೆಯ ಮೇಲಿನ ಎತ್ತರ ಮತ್ತು ವೇಗದ ಗೆರೆಗಳನ್ನು ನೋಡುತ್ತಿದ್ದರು. "ಅದೇ ಸಾರ್ ಟೆಲಿಮೆಟ್ರಿ?" ಎಂದು ಮಕ್ಕಳು ಕೇಳಿದರು. ಅದೇ ಎಂದೆವು. ಹಾಗೆ ಹೇಳುವಾಗ ನಮಗೆ ಎಲ್ಲವೂ ತಿಳಿದಂತೆ ಇತ್ತು.

ಮೊದಲ ದಿನ ಪ್ರೇಷಕದ ಪಟ್ಟಿಯಲ್ಲಿ 'ಹೊಸ ಸಂವೇದಕಗಳನ್ನು ಹುಡುಕು' ಎಂಬ ಅರ್ಥದ ಸಾಲನ್ನು ಒತ್ತಿದೆವು. ಎರಡು ಹೆಸರುಗಳು ತಾವಾಗಿ ಬಂದು ಕುಳಿತವು. ಒಂದು, ಗ್ರಾಹಕಕ್ಕೆ ನಮ್ಮ ಸಂಕೇತ ಎಷ್ಟು ಬಲವಾಗಿ ತಲುಪುತ್ತಿದೆ ಎಂಬುದು. ಇನ್ನೊಂದು ಬ್ಯಾಟರಿ. ಬ್ಯಾಟರಿಯ ಮುಂದೆ 5.1 ವೋಲ್ಟ್ ಎಂದಿತ್ತು. ವಿಮಾನ ಹಾರಿತು. ಐದನೆಯ ನಿಮಿಷದಲ್ಲಿ ನೋಡಿದೆವು: 5.1. ಏಳನೆಯ ನಿಮಿಷ: 5.1. ಎಂಥ ಒಳ್ಳೆಯ ಬ್ಯಾಟರಿ ಎಂದುಕೊಂಡೆವು. ಒಂಬತ್ತನೆಯ ನಿಮಿಷದಲ್ಲಿ ಮೋಟಾರು ನಿಂತಿತು, ಆಗಲೂ ಪರದೆಯ ಮೇಲೆ 5.1.

ನಾವು ನೋಡುತ್ತಿದ್ದುದು ಬ್ಯಾಟರಿಯನ್ನೇ ಅಲ್ಲ. ನಮ್ಮದು ಮೂರು ಕೋಶಗಳ ಲಿಥಿಯಂ ಬ್ಯಾಟರಿ. ತುಂಬಿದಾಗ ಕೋಶಕ್ಕೆ 4.2ರಂತೆ 12.6 ವೋಲ್ಟ್ ಇರಬೇಕು. ಮೋಟಾರಿನ ವೇಗವನ್ನು ನಿಯಂತ್ರಿಸುವ ಸಾಧನವು ಇದರಿಂದ ಸುಮಾರು 5 ವೋಲ್ಟನ್ನು ಬೇರೆ ಮಾಡಿ ಗ್ರಾಹಕಕ್ಕೆ ಉಣಿಸುತ್ತದೆ. ಗ್ರಾಹಕವು ತನ್ನ ಎಲೆಯ ಮೇಲೆ ಬಿದ್ದುದನ್ನು ಅಳೆದು ಪ್ರಾಮಾಣಿಕವಾಗಿ ಹೇಳುತ್ತಿತ್ತು. ಉಗ್ರಾಣ ಬರಿದಾಗುತ್ತಿರುವುದು ಅದಕ್ಕೇನು ಗೊತ್ತು? ಊಟ ಮಾಡುವವನನ್ನು ಕೇಳಿ ಉಗ್ರಾಣದ ಲೆಕ್ಕ ಬರೆದವರು ನಾವು. ಮೊದಲ ಸಾಲಿಗೇ 5.1 ಎಂದು ಕಂಡಾಗ, ಇದು 12.6 ಏಕಲ್ಲ ಎಂದು ಕೇಳಬೇಕಾಗಿತ್ತು. ವಿಜ್ಞಾನದ ಉಪಾಧ್ಯಾಯರೂ ಕೇಳಲಿಲ್ಲ.

ವಿಮಾನವು ಟೊಮೇಟೋ ಸಾಲುಗಳ ನಡುವೆ ಇಳಿದು ನಾಲ್ಕಾರು ಕೋಲುಗಳನ್ನು ಕೆಡವಿತ್ತು. ತೋಟದ ಯಜಮಾನರು ಬಂದು, ವಿಮಾನವನ್ನು ನೋಡಿ, ನಮ್ಮನ್ನು ನೋಡಿ, "ಆಕಾಶದಿಂದ ಬಿದ್ದಿದ್ದಕ್ಕೆ ಯಾರನ್ನ ಕೇಳೋದು ಮೇಷ್ಟ್ರೇ?" ಎಂದರು. ಭಾನುವಾರ ನಾವೆಲ್ಲ ಹೋಗಿ ಕೋಲು ನೆಟ್ಟು ಗಿಡಗಳನ್ನು ಎತ್ತಿ ಕಟ್ಟಿ ಬಂದೆವು. ರಾಯಕೋಟೆಯ ಮಾರುಕಟ್ಟೆಯಿಂದ ಟೊಮೇಟೋ ಊರೂರಿಗೆ ಹೋಗುತ್ತದೆಂದು ಪಾಠದಲ್ಲಿ ಹೇಳುವುದುಂಟು. ಅದರ ಗಿಡಕ್ಕೆ ಸೆಣಬನ್ನು ಯಾವ ಗಂಟಿನಿಂದ ಕಟ್ಟಬೇಕೆಂಬುದನ್ನು ಆ ದಿನ ಮಕ್ಕಳೇ ನಮಗೆ ಕಲಿಸಿದರು.

ಅನಂತರ ಬ್ಯಾಟರಿಯಿಂದಲೇ ಒಂದು ತಂತಿಯನ್ನು ಎಳೆದು, ವೋಲ್ಟೇಜನ್ನು ಗ್ರಾಹಕಕ್ಕೆ ತಾಳುವಷ್ಟಕ್ಕೆ ಇಳಿಸಿ ಕೊಡುವ ಚಿಕ್ಕ ಸಂವೇದಕವನ್ನು ಜೋಡಿಸಿದೆವು. ಪ್ರೇಷಕದಲ್ಲಿ ಒಂದು ಷರತ್ತನ್ನು ಬರೆದೆವು: ವೋಲ್ಟೇಜು 10.5ಕ್ಕಿಂತ ಕಡಿಮೆಯಾದರೆ ಇಂಥ ಧ್ವನಿಯನ್ನು ನುಡಿ, ಹತ್ತು ಸೆಕೆಂಡಿಗೊಮ್ಮೆ ಮತ್ತೆ ನುಡಿ. ಅದು ಏರುವಾಗಲೇ ಕೂಗಿಕೊಂಡಿತು. ಮೋಟಾರು ಪೂರ್ಣ ಬಲದಿಂದ ತಿರುಗುವಾಗ ಬ್ಯಾಟರಿಯ ವೋಲ್ಟೇಜು ಕ್ಷಣಕಾಲ ಕುಸಿಯುವುದು ಸಹಜ. ಎರಡು ದಿನ ಹೀಗೆ ಸುಳ್ಳು ಕೂಗು ಕೇಳಿದ ಮೇಲೆ ಮಕ್ಕಳು ಅದಕ್ಕೆ 'ತೋಳ ಬಂತು ತೋಳ' ಎಂದು ಹೆಸರಿಟ್ಟರು. ಷರತ್ತಿನ ಪಕ್ಕದಲ್ಲಿ ವಿಳಂಬವೆಂಬ ಒಂದು ಮನೆ ಉಂಟು. ಅಲ್ಲಿ ಮೂರು ಸೆಕೆಂಡು ಎಂದು ಬರೆದ ಮೇಲೆ, ಮೂರು ಸೆಕೆಂಡು ಬಿಡದೆ ಕುಸಿದಿದ್ದರೆ ಮಾತ್ರ ಅದು ಬಾಯಿಬಿಡುತ್ತದೆ. ಇಂಥ ವಿಳಂಬವನ್ನು ಮನುಷ್ಯರ ನಾಲಗೆಗೂ ಜೋಡಿಸಲು ಬರುವಂತಿದ್ದರೆ ಉಪಾಧ್ಯಾಯರ ಕೊಠಡಿಯಲ್ಲಿ ಅರ್ಧ ಜಗಳ ಕಡಿಮೆಯಾಗುತ್ತಿತ್ತು.

ಈಗ ಎಲ್ಲವೂ ಸರಿಯಾಯಿತೆಂದು ತಿಳಿದಿದ್ದಾಗಲೇ ಎರಡನೆಯ ಅಪಘಾತ ನಡೆಯಿತು. ನಾವು ಇದನ್ನು ಬರೆಯಲು ಅದೇ ಕಾರಣ.

ಎಂಟನೆಯ ತರಗತಿಯ ಹುಡುಗನೊಬ್ಬ ಹಾರಿಸುತ್ತಿದ್ದನು. ಕೈ ಒಳ್ಳೆಯದು, ಧೈರ್ಯ ಸ್ವಲ್ಪ ಹೆಚ್ಚು. ವಿಮಾನವು ಕೋಟೆಯ ಬೆಟ್ಟದ ಕಡೆಗೆ ಸಾಗಿತು. ರಾಯಕೋಟೆಯ ಬೆಟ್ಟವೆಂದರೆ ಬಂಡೆಯ ಮೇಲೆ ಬಂಡೆ. 1791ರ ಜುಲೈಯಲ್ಲಿ ಮೇಜರ್ ಗೌಡಿಯ ಪಡೆ ಟಿಪ್ಪುವಿನ ಸೈನ್ಯದಿಂದ ಹಿಡಿದುಕೊಂಡ ಕೋಟೆ ಅದು. ನಮ್ಮ ಪ್ರೇಷಕದ 2.4 ಗಿಗಾಹರ್ಟ್ಸ್ ಅಲೆಗಳು ಬೆಳಕಿನಂತೆ ನೇರವಾಗಿ ಹೋಗುವ ಸ್ವಭಾವದವು, ಬಂಡೆಯನ್ನು ಹೊಕ್ಕು ಹೊರಡಲಾರವು. ವಿಮಾನ ಬೆಟ್ಟದ ಭುಜದ ಅಂಚಿಗೆ ಬಂದಾಗ ಪ್ರೇಷಕದೊಳಗಿನ ಇಂಗ್ಲಿಷ್ ಹೆಂಗಸು ತಣ್ಣಗೆ ನುಡಿದಳು: "ಟೆಲಿಮೆಟ್ರಿ ಲಾಸ್ಟ್." ಹುಡುಗನು ಕೇಳಿದನು, ತಲೆಯಾಡಿಸಿದನು, ನೇರವಾಗಿಯೇ ಹಾರಿಸಿದನು. ನಾವು "ತಿರುಗಿಸೋ!" ಎಂದು ಕೂಗುವಷ್ಟರಲ್ಲಿ ವಿಮಾನ ಭುಜದಾಚೆ ಮರೆಯಾಗಿತ್ತು. ಹಿಡಿತ ತಪ್ಪಿದೊಡನೆ ಮೋಟಾರನ್ನು ನಿಲ್ಲಿಸುವಂತೆ ಗ್ರಾಹಕಕ್ಕೆ ಮೊದಲೇ ಹೇಳಿಟ್ಟಿದ್ದೆವು. ಅದು ಹೇಳಿದಂತೆ ಮಾಡಿತು. ಎಡರೆಕ್ಕೆ ಎರಡು ತುಂಡಾಗಿ, ಮೂತಿ ಜಜ್ಜಿಹೋದ ವಿಮಾನವನ್ನು ಬಂಡೆಗಳ ಸಂದಿನಿಂದ ಹೊತ್ತು ತಂದೆವು.

ಹುಡುಗನು ಅಳಲಿಲ್ಲ. ಬಹಳ ಹೊತ್ತಿನ ಮೇಲೆ, "ಲಾಸ್ಟ್ ಅಂದಳು ಸಾರ್. ಲಾಸ್ಟು ಅಂದರೆ ಕೊನೇದು ಅಲ್ವಾ? ಇದೇ ಕೊನೇ ಸುದ್ದಿ, ಇನ್ನು ತೊಂದರೆ ಇಲ್ಲ ಅಂದುಕೊಂಡೆ" ಎಂದನು.

ಲಾಸ್ಟ್ ಬಸ್ಸು, ಲಾಸ್ಟ್ ಸ್ಟಾಪು, ಲಾಸ್ಟ್ ಬೆಂಚು. ಅವನು ಹುಟ್ಟಿದಂದಿನಿಂದ ಕೇಳಿದ 'ಲಾಸ್ಟು' ಇವೇ. ಕಳೆದುಹೋಯಿತು ಎಂಬ ಅರ್ಥದ ಇನ್ನೊಂದು ಲಾಸ್ಟು ಇಂಗ್ಲಿಷಿನಲ್ಲಿ ಉಂಟೆಂದು ಅವನು ವ್ಯಾಕರಣದ ಪಾಠದಲ್ಲಿ ಓದಿಯೂ ಇದ್ದನು, ಪರೀಕ್ಷೆಯಲ್ಲಿ ಬರೆದೂ ಇದ್ದನು. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕೊಟ್ಟವರೂ ನಾವೇ. ಆದರೆ ಆಕಾಶದಲ್ಲಿ ವಿಮಾನವಿದ್ದು ಎರಡು ಸೆಕೆಂಡು ಮಾತ್ರ ಕಾಲವಿರುವಾಗ ಮನುಷ್ಯನಿಗೆ ಒದಗುವುದು ಓದಿದ ಅರ್ಥವಲ್ಲ, ಬಸ್ ಸ್ಟ್ಯಾಂಡಿನಲ್ಲಿ ಕೇಳಿದ ಅರ್ಥ. ಬೆಳಗಿನಿಂದ ಸಂಜೆಯವರೆಗೆ ಕನ್ನಡದಲ್ಲಿ ಕಲಿಸುವ ನಾವು, ಅಪಾಯದ ಮಾತನ್ನು ಮಾತ್ರ ಇಂಗ್ಲಿಷಿಗೆ ಒಪ್ಪಿಸಿ ಅವನ ಕೈಗೆ ಪೆಟ್ಟಿಗೆ ಕೊಟ್ಟಿದ್ದೆವು. ಆ ರಾತ್ರಿ ನಮಗೆ ಮುರಿದ ರೆಕ್ಕೆಗಿಂತ ಇದೇ ಹೆಚ್ಚು ಚುಚ್ಚಿತು.

ಪ್ರೇಷಕದ ಧ್ವನಿಗಳೆಲ್ಲ ಅದರೊಳಗಿನ ಒಂದು ಚಿಕ್ಕ ಮೆಮೊರಿ ಕಾರ್ಡಿನಲ್ಲಿ ಬಿಡಿ ಬಿಡಿ ಕಡತಗಳಾಗಿರುತ್ತವೆ. ಅದನ್ನು ನಡೆಸುವ 'ಎಡ್ಜ್‌ಟಿಎಕ್ಸ್' ಎಂಬ ತಂತ್ರಾಂಶವು ಹವ್ಯಾಸಿಗಳೇ ಸೇರಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ನಮ್ಮ ಪೆಟ್ಟಿಗೆಯ ಭಾಷೆಗಳ ಪಟ್ಟಿಯಲ್ಲಿ ಜರ್ಮನ್, ಫ್ರೆಂಚ್, ಚೆಕ್ ಇದ್ದವು, ಕನ್ನಡ ಇರಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದೆವು. ಇಂಗ್ಲಿಷಿನ ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಟ್ಟು, ಅವೇ ಹೆಸರುಗಳಲ್ಲಿ ಕನ್ನಡದ ಧ್ವನಿಗಳನ್ನು ತುಂಬಿದೆವು. ಯಂತ್ರವು ತಾನು ಇಂಗ್ಲಿಷ್ ಮಾತನಾಡುತ್ತಿದ್ದೇನೆಂದು ನಂಬಿಕೊಂಡು ಕನ್ನಡ ನುಡಿಯುತ್ತದೆ. ಇದರ ವಿರುದ್ಧ ಪ್ರಕಾರದ ಮನುಷ್ಯರನ್ನು ನಾವೆಲ್ಲರೂ ಕಂಡಿದ್ದೇವೆ. ಧ್ವನಿಯನ್ನು ಫೋನಿನಲ್ಲಿ ಮುದ್ರಿಸಿ, ಹಿಂದುಮುಂದಿನ ಮೌನವನ್ನು ಗಣಕದಲ್ಲಿ ಕತ್ತರಿಸಿ, ಒಂದೇ ವಾಹಿನಿಯ ವೇವ್ ಕಡತವಾಗಿ ಉಳಿಸಬೇಕು. ಮೌನವನ್ನು ಕತ್ತರಿಸದಿದ್ದರೆ ಸಂಖ್ಯೆಗಳ ನಡುವೆ ಯಂತ್ರ ಉಸಿರು ಕಟ್ಟಿದಂತೆ ನಿಂತು ನಿಂತು ಓದುತ್ತದೆ. ದೂರಮಾಪನ ತಪ್ಪಿದಾಗ ನುಡಿಯುವ ಕಡತದ ಹೆಸರು 'ಟೆಲೆಮ್‌ಕೋ'. ಮಕ್ಕಳಿಗೆ ಇದು ತಿಳ್ಕೋ, ಇಟ್ಕೋ ಎಂಬಂಥ ಕನ್ನಡ ಕ್ರಿಯಾಪದದಂತೆಯೇ ಕೇಳಿಸಿತು. "ಪೆನ್ಸಿಲ್ ಟೆಲೆಮ್ಕೋ" ಎಂದು ವಾರವೆಲ್ಲ ಆಡಿಕೊಂಡರು.

ಏನು ಹೇಳಿಸಬೇಕೆಂಬುದೇ ದೊಡ್ಡ ಚರ್ಚೆಯಾಯಿತು. ನಮ್ಮಲ್ಲಿ ಭಾಷೆಯ ಉಪಾಧ್ಯಾಯರು 'ಸಂಕೇತವು ಕ್ಷೀಣಿಸಿದೆ' ಎಂದು ಬರೆದುಕೊಂಡು ಬಂದಿದ್ದರು. ಬಯಲಿನಲ್ಲಿ ಓದಿ ನೋಡಿದಾಗ 'ಕ್ಷೀ' ಎಂಬುದು ಗಾಳಿಯ ಸದ್ದಿನೊಳಗೇ ಸೇರಿಹೋಯಿತು. ಅಲ್ಲದೆ, ಕ್ಷೀಣಿಸಿದರೆ ಏನು ಮಾಡಬೇಕು ಎಂದು ಒಂದು ಮಗು ಕೇಳಿತು. ಆ ಪ್ರಶ್ನೆಯಿಂದ ದಾರಿ ತೆರೆಯಿತು. ಸಂಕೇತದ ಬಲಕ್ಕೆ ನಮ್ಮ ಪ್ರೇಷಕದಲ್ಲಿ ಎರಡು ಗೆರೆಗಳಿವೆ, 45 ಮತ್ತು 42. ಮೊದಲನೆಯದಕ್ಕೆ "ದೂರ ಹೋಯಿತು" ಎಂದೂ ಎರಡನೆಯದಕ್ಕೆ "ಈಗಲೇ ತಿರುಗಿಸು" ಎಂದೂ ಇಟ್ಟೆವು. ಬ್ಯಾಟರಿಗೆ "ಬ್ಯಾಟರಿ ಇಳಿಯುತ್ತಿದೆ" ಎಂದು ಬರೆದಿದ್ದೆವು. ಅದನ್ನೂ ಮಕ್ಕಳು ಹೊಡೆದುಹಾಕಿದರು. ಇಳಿಯುತ್ತಿದೆ ಎಂದು ಕೇಳಿದರೆ ವಿಮಾನ ಇಳಿಯುತ್ತಿದೆ ಎಂದುಕೊಂಡು ಮೇಲೆತ್ತಿಬಿಡುವುದಿಲ್ಲವೆ? ಅದು ನಿಜ. ಕೊನೆಗೆ 10.8ಕ್ಕೆ "ಚಾರ್ಜು ಮುಗೀತಾ ಇದೆ", 10.5ಕ್ಕೆ "ವಿಮಾನ ಇಳಿಸು" ಎಂದಾಯಿತು.

ಟೆಲಿಮೆಟ್ರಿ ಲಾಸ್ಟ್ ಎಂಬುದಕ್ಕೆ ಏನೆನ್ನಬೇಕು? ಇಲ್ಲಿ ಅರ್ಥವೇ ಸೂಕ್ಷ್ಮ. ಕಳೆದುಹೋದದ್ದು ವಿಮಾನದ ಮೇಲಿನ ಹಿಡಿತವಲ್ಲ, ವಿಮಾನದಿಂದ ಬರುವ ಮಾತು. ನಮ್ಮ ಗ್ರಾಹಕದ ದನಿ ಪ್ರೇಷಕದ ದನಿಗಿಂತ ಮೆಲ್ಲಗಿನದು. ಆದುದರಿಂದ ನಾವು ಹೇಳಿದ್ದು ಅದಕ್ಕೆ ಕೇಳಿಸುತ್ತಿದ್ದರೂ ಅದು ಹೇಳಿದ್ದು ನಮಗೆ ಕೇಳಿಸದ ಒಂದು ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿ ತಿರುಗಿಸಿದರೆ ವಿಮಾನ ಉಳಿಯುತ್ತದೆ. 'ದೂರಮಾಪನ ಸ್ಥಗಿತ' ಎನ್ನಬಹುದಿತ್ತು. ಅಷ್ಟರಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು, ಅದುವರೆಗೆ ತುಟಿ ಬಿಚ್ಚದೆ ಅಂಟಿನ ಕಡ್ಡಿಗಳನ್ನು ಎಣಿಸುತ್ತಿದ್ದವಳು, "ವಿಮಾನದ ಸುದ್ದಿ ಇಲ್ಲ" ಎಂದಳು. ಊರು ಬಿಟ್ಟು ಹೋದವರಿಂದ ಫೋನು ಬಾರದಿದ್ದಾಗ ಮನೆಯಲ್ಲಿ ಅಜ್ಜಿ ಹೇಳುವ ಮಾತು ಅದೆಂದು ಆಮೇಲೆ ತಿಳಿಯಿತು. ಸತ್ತರೆಂದಲ್ಲ, ಕಳೆದುಹೋದರೆಂದಲ್ಲ, ಸುದ್ದಿ ಇಲ್ಲ. ಮತ್ತೆ ಸಂಪರ್ಕ ಕೂಡಿದಾಗ ಏನು? "ಸುದ್ದಿ ಬಂತು." ಇಷ್ಟು ಸರಿಯಾದ ಅನುವಾದವನ್ನು ನಾವು ಬೇರೆಲ್ಲೂ ಕಂಡಿಲ್ಲ.

ಧ್ವನಿಯೂ ಅವಳದೇ ಆಗಲಿ ಎಂದು ಎಲ್ಲರೂ ಒಪ್ಪಿದರು. ಅವಳು ಒಪ್ಪಲಿಲ್ಲ. ಸಂಖ್ಯೆಗಳನ್ನು ಹೇಳುತ್ತೇನೆ, ಆದರೆ 'ಇಳಿಸು' ಎನ್ನಲಾರೆ. ಸಾರ್ ಕೂಡ ಹಾರಿಸುತ್ತಾರಲ್ಲ, ಅವರಿಗೆ 'ಇಳಿಸು' ಅನ್ನೋದು ಹೇಗೆ? 'ಇಳಿಸಿ' ಎಂದು ಹೇಳಮ್ಮ ಎಂದೆವು. 'ಇಳಿಸಿ' ಎಂದರೆ ಹುಡುಗರು ನಗುತ್ತಾರೆ, ಅವರಿಗೆಲ್ಲ ಬಹುವಚನ ಕೊಡಬೇಕಾಯಿತಲ್ಲ ಎಂದು ಅವಳಿಗೆ ಸಂಕೋಚ. ಯಂತ್ರವು ಎಲ್ಲರಿಗೂ ಒಂದೇ ಎಂಬ ವಾದ ನಡೆಯಲಿಲ್ಲ. ಪ್ರೇಷಕವು ಹಲವು ವಿಮಾನಗಳ ಏರ್ಪಾಡುಗಳನ್ನು ಬೇರೆ ಬೇರೆಯಾಗಿ ನೆನಪಿಡಬಲ್ಲುದು. ಆದುದರಿಂದ ಒಂದೇ ವಿಮಾನವನ್ನು ಎರಡು ಹೆಸರುಗಳಲ್ಲಿ ಬರೆದು, ಉಪಾಧ್ಯಾಯರದಕ್ಕೆ 'ಇಳಿಸಿ', ಹುಡುಗರದಕ್ಕೆ 'ಇಳಿಸು' ಎಂದು ಇಟ್ಟೆವು. ಹುಡುಗರ 'ಇಳಿಸು' ಮಾತ್ರ ಎಷ್ಟು ಸಲ ಮುದ್ರಿಸಿದರೂ ಪದ್ಯ ಒಪ್ಪಿಸಿದಂತಿತ್ತು. ಬೇಸತ್ತು ಫೋನನ್ನು ಕೆಳಗಿಟ್ಟಾಗ, ಹೊರಗೆ ಒಬ್ಬನು ಅಂಟಿಸಿ ಒಣಗಲಿಟ್ಟಿದ್ದ ರೆಕ್ಕೆಯನ್ನು ತಲೆಯ ಮೇಲೆತ್ತಿಕೊಂಡು ಓಡುತ್ತಿದ್ದುದನ್ನು ಕಂಡು ಅವಳು, "ಸಾಕು, ಇಳಿಸೋ!" ಎಂದು ಕಿರುಚಿದಳು. ಫೋನು ಅದನ್ನು ಹಿಡಿದುಕೊಂಡಿತ್ತು. ಅದನ್ನೇ ಉಳಿಸಿದೆವು. ಆ ಕೂಗಿಗೆ ಇಳಿಸದ ಹುಡುಗನನ್ನು ನಾವು ಇನ್ನೂ ಕಂಡಿಲ್ಲ.

ಸಂಖ್ಯೆಗಳಿಗೆ ಮೂರು ಸಂಜೆ ಹಿಡಿಯಿತು. ಇಂಗ್ಲಿಷಿನ ಏರ್ಪಾಡಿನಲ್ಲಿ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ಒಂದೊಂದಕ್ಕೂ ಒಂದೊಂದು ಕಡತವಿದೆ. ನೂರರಿಂದ ಮುಂದೆ ಯಂತ್ರವು ತುಂಡುಗಳನ್ನು ಜೋಡಿಸಿ ಹೇಳುತ್ತದೆ. ನೂರರವರೆಗೆ ನಮಗೆ ಇದು ಅನುಕೂಲವೇ ಆಯಿತು. ಇಪ್ಪತ್ತು ಮತ್ತು ಒಂದನ್ನು ಬೇರೆ ಬೇರೆ ಹೇಳಿಸಿದ್ದರೆ ಲೋಪಸಂಧಿಯ ಗತಿ ಏನಾಗುತ್ತಿತ್ತು? ಇಪ್ಪತ್ತೊಂದು ಒಂದೇ ಉಸಿರಿನಲ್ಲಿ ಬಂತು. ತೊಡಕು ಶುರುವಾದದ್ದು ನೂರರ ಮೇಲೆ. ಯಂತ್ರವು 'ನೂರು' ಎಂದು ನುಡಿದು, ಪಕ್ಕದಲ್ಲಿ 'ಹದಿನೆಂಟು' ಎಂದು ನುಡಿಯುತ್ತದೆ. ಕನ್ನಡದಲ್ಲಿ ಅದು ನೂರ ಹದಿನೆಂಟು. ಕಡತವನ್ನು 'ನೂರ' ಎಂದು ಮುದ್ರಿಸಿದರೆ ಸರಿಯಾಗಿ ನೂರು ಮೀಟರ್ ಇದ್ದಾಗ 'ನೂರ ಮೀಟರ್' ಎಂದು ತಪ್ಪುತ್ತದೆ. ಯಾವ ತಪ್ಪು ಚಿಕ್ಕದು? ಮಕ್ಕಳು ಲೆಕ್ಕ ಹಾಕಿದರು. ನಮ್ಮ ಮಿತಿ 120. ನೂರರ ಮೇಲೆ ಇಪ್ಪತ್ತು ಸಂಖ್ಯೆಗಳು, ಸರಿಯಾದ ನೂರು ಒಂದೇ ಒಂದು. ಇಪ್ಪತ್ತು ತಪ್ಪಿಗಿಂತ ಒಂದು ತಪ್ಪು ಮೇಲು. 'ನೂರ' ಗೆದ್ದಿತು.

ಅಳತೆಯ ಹೆಸರುಗಳಿಗೆ ಇಂಗ್ಲಿಷಿನವರು ಎರಡೆರಡು ಕಡತ ಇಟ್ಟಿದ್ದಾರೆ, ಏಕವಚನಕ್ಕೊಂದು ಬಹುವಚನಕ್ಕೊಂದು. ನಮಗೆ ಅದು ಬೇಡ. ಒಂದು ಮರ, ಹತ್ತು ಮರ. ಒಂದು ಮೀಟರ್, ಹತ್ತು ಮೀಟರ್. ಎರಡು ಕಡತಗಳಿಗೂ ಒಂದೇ ಧ್ವನಿಯನ್ನು ತುಂಬಿದೆವು. ಕನ್ನಡದಲ್ಲಿ ಸಂಖ್ಯೆ ಮುಂದಿದ್ದರೆ ನಪುಂಸಕ ನಾಮಪದಕ್ಕೆ ಬಹುವಚನ ಕಡ್ಡಾಯವಲ್ಲ ಎಂಬ ಸೂತ್ರವನ್ನು ಇಷ್ಟು ಸಂತೋಷದಿಂದ ಹೇಳಿಕೊಟ್ಟ ದಿನ ನಮಗೆ ಇನ್ನೊಂದು ನೆನಪಿಲ್ಲ. ದಶಾಂಶದಲ್ಲಿ ಸೋತೆವು. 10.5ನ್ನು ಸಂತೆಯಲ್ಲಿ ಹತ್ತೂವರೆ ಎನ್ನುತ್ತೇವೆ. 'ಊವರೆ' ಎಂದು ಬೇರೆ ಮುದ್ರಿಸಿ ನೋಡಿದೆವು. ಯಂತ್ರವು 'ಹತ್ತು, ಊವರೆ' ಎಂದು ಗೂಬೆಯಂತೆ ಕೂಗಿತು. ನಗು ನಿಂತ ಮೇಲೆ 'ಹತ್ತು ಬಿಂದು ಐದು' ಎಂಬ ಶಾಲೆಯ ಮಾತಿಗೇ ಹಿಂದಿರುಗಿದೆವು.

ಬಯಲಿನಲ್ಲಿ ಪರೀಕ್ಷಿಸಿದಾಗ ಇನ್ನೊಂದು ಕಷ್ಟ ಗೋಚರವಾಯಿತು. ಗಾಳಿ ಬೀಸುವಾಗ ಮೂರಕ್ಕೂ ನೂರಕ್ಕೂ ವ್ಯತ್ಯಾಸ ಕೇಳಿಸುವುದಿಲ್ಲ. ಎಂಬತ್ತು, ತೊಂಬತ್ತು ಅಣ್ಣತಮ್ಮಂದಿರು. 'ಏಳು' ಎಂದು ಕೇಳಿದ ಸಣ್ಣ ಹುಡುಗನೊಬ್ಬ ಏಳು ಮೀಟರಿನಲ್ಲಿದ್ದ ವಿಮಾನವನ್ನು ಥಟ್ಟನೆ ಮೇಲಕ್ಕೆ ಏಳಿಸಿದನು! ಇದು ಕನ್ನಡದ ದೋಷವೆಂದು ಯಾರೂ ತಿಳಿಯಬಾರದು. ನಿಜವಾದ ವಿಮಾನಗಳ ರೇಡಿಯೋದಲ್ಲಿ ಇಂಗ್ಲಿಷಿನ 'ನೈನ್' ಅನ್ನು 'ನೈನರ್' ಎಂದೂ 'ಫೈವ್' ಅನ್ನು 'ಫೈಫ್' ಎಂದೂ 'ತ್ರೀ' ಅನ್ನು 'ಟ್ರೀ' ಎಂದೂ ಉಚ್ಚರಿಸಬೇಕೆಂದು ಅಂತರರಾಷ್ಟ್ರೀಯ ನಿಯಮವೇ ಇದೆ. ಅವರೂ ನಮ್ಮಂತೆ ಎಲ್ಲೋ ಬಿದ್ದೆದ್ದೇ ಕಲಿತಿರಬೇಕು. ನಾವು ತೊಂಬತ್ತರ ಮೊದಲಕ್ಷರವನ್ನು ಒತ್ತಿ ಹೇಳಿಸಿದೆವು. ಮೂರನ್ನು ಮೊಟಕಾಗಿ, ನೂರನ್ನು ಎಳೆದು ಹೇಳಿಸಿದೆವು. ಏಳಕ್ಕೆ ಉಪಾಯ ಹೊಳೆಯಲಿಲ್ಲ; ಹತ್ತು ಮೀಟರಿನ ಕೆಳಗೆ ಎತ್ತರವನ್ನು ಹೇಳಬಾರದೆಂದು ಷರತ್ತು ಬರೆದು ತಪ್ಪಿಸಿಕೊಂಡೆವು.

ನಲವತ್ತಮೂರನ್ನು ಹೇಳುವಾಗ ರಾಯಕೋಟೆಯ ನಿಲ್ದಾಣದ ಕಡೆಯಿಂದ ರೈಲು ಕೂಗಿತು. ಸೇಲಂ ಕಡೆಗೆ ಹೋಗುವ ಗಾಡಿ. ಕಡತದಲ್ಲಿ ನಲವತ್ತಮೂರರ ಹಿಂದೆ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಇನ್ನೊಮ್ಮೆ ಹೇಳಿಸೋಣ ಎಂದುಕೊಂಡು, ಕತ್ತಲಾದುದರಿಂದ ನಾಳೆಗೆ ಬಿಟ್ಟೆವು.

ಅದು ನಾಳೆಗೇ ಉಳಿಯಿತು. ಅವಳ ತಂದೆಗೆ ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ಪರೀಕ್ಷೆ ಮುಗಿದ ವಾರದಲ್ಲೇ ಅವರು ಸಂಸಾರದೊಡನೆ ಹೊರಟರು. ವರ್ಗಾವಣೆ ಪತ್ರಕ್ಕೆ ಬಂದಾಗ ಅವಳು ಅಂಟಿನ ಕಡ್ಡಿಗಳ ಲೆಕ್ಕವನ್ನು ಚೀಟಿಯಲ್ಲಿ ಬರೆದು ಕೊಟ್ಟಳು. ಅಲ್ಲಿ ಅವಳು ಸೇರಿದ ಶಾಲೆಯಲ್ಲಿ ಕನ್ನಡವಿಲ್ಲ. ತಮಿಳು ಅವಳಿಗೆ ಚೆನ್ನಾಗಿ ಬರುತ್ತದೆ, ಅದರಿಂದ ಓದಿಗೆ ತೊಂದರೆಯಾಗದೆಂದು ಅವಳ ತಂದೆಗೆ ಹೇಳಿದೆವು, ನಮಗೂ ಹೇಳಿಕೊಂಡೆವು. ಒಂದೆರಡು ತಿಂಗಳು ಫೋನು ಮಾಡುತ್ತಿದ್ದಳು. ಆಮೇಲೆ ಆ ಸಂಖ್ಯೆ ಬದಲಾಯಿತು.

ಹೊಸ ರೆಕ್ಕೆ ಕಟ್ಟಿ ಮತ್ತೆ ಹಾರಿಸತೊಡಗಿದಾಗ ಪೆಟ್ಟಿಗೆಯನ್ನು ಹಿಡಿದವನು ಹಿಂದೆ ಬೆಟ್ಟದ ಭುಜಕ್ಕೆ ಬಡಿದ ಹುಡುಗನೇ. ಬೇಕೆಂದೇ ಕೊಟ್ಟೆವು. ಗಾಳಿ ತಳ್ಳಿದ್ದರಿಂದ ವಿಮಾನ ಹುಣಿಸೆ ತೋಪಿನಾಚೆ ಸ್ವಲ್ಪ ಕೆಳಗಾಗಿ ಸರಿಯಿತು. "ವಿಮಾನದ ಸುದ್ದಿ ಇಲ್ಲ" ಎಂದಿತು ಪೆಟ್ಟಿಗೆ. ಹುಡುಗನು ಮುಖವನ್ನು ಸಹ ತಿರುಗಿಸಲಿಲ್ಲ, ಹೆಬ್ಬೆರಳನ್ನು ಮೆಲ್ಲನೆ ಎಡಕ್ಕೆ ಒತ್ತಿದನು. ನಾವು ಉಸಿರು ಬಿಗಿಹಿಡಿದು ನಿಂತೆವು. ಸುಮಾರು ನಾಲ್ಕು ಸೆಕೆಂಡು. ಹುಣಿಸೆಯ ತಲೆಯ ಮೇಲೆ ಬಿಳಿಯ ರೆಕ್ಕೆ ಎದ್ದಿತು. "ಸುದ್ದಿ ಬಂತು."

ಈ ವರ್ಷ ಹೊಸದಾಗಿ ಸೇರಿದ ಮೂವರು ಮಕ್ಕಳು ಆ ಹುಡುಗಿಯನ್ನು ನೋಡಿಲ್ಲ. ಹಳೆಯ ಧ್ವನಿಗಳನ್ನು ತೆಗೆದು ತಮ್ಮದನ್ನು ತುಂಬಬೇಕೆಂದು ಅವರಿಗೆ ಆಸೆ, ಅದು ನ್ಯಾಯವೂ ಹೌದು. ಇನ್ನೊಂದು ಪ್ರೇಷಕ ಬಂದಾಗ ಮಾಡೋಣ ಎಂದಿದ್ದೇವೆ. ಸದ್ಯಕ್ಕೆ ವಿಮಾನವು ನಲವತ್ತಮೂರು ಮೀಟರಿಗೆ ಏರಿದಾಗಲೆಲ್ಲ ಪೆಟ್ಟಿಗೆಯೊಳಗೆ ರೈಲು ಕೂಗುತ್ತದೆ, ಹೊಸ ಮಕ್ಕಳು ತಿರುಗಿ ಸ್ಟೇಷನ್ನಿನ ಕಡೆ ನೋಡುತ್ತಾರೆ.